ಜೋಡಿ ಸೀಗಡಿ

ಲಾರಿ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು ಪ್ರಾಣಿಶಾಸ್ತ್ರದ ಲೆಕ್ಚರರು ಮಾಡುವ ಕೆಲಸವಲ್ಲ ಎಂದು ಬೆನಕಪ್ಪನಿಗೆ ಇವತ್ತು ಬೆಳಿಗ್ಗೆಯೂ ಅನ್ನಿಸಿತು. ಅನ್ನಿಸಿದರೇನು, ಒಪ್ಪಿಕೊಂಡಾಗಿತ್ತು. ಪಂಚೆ ಎತ್ತಿ ಕಟ್ಟಿ, ಪಂಪಿನ ಕಾಲನ್ನು ಎರಡೂ ಚಪ್ಪಲಿಯಲ್ಲಿ ಅದುಮಿ ಹಿಡಿದು, ಮೇಲೆ ಕೆಳಗೆ, ಮೇಲೆ ಕೆಳಗೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿಯಿತು. ಲ್ಯಾಬಿನ ಕಿಟಕಿಯಾಚೆ ಪಿಯುಸಿ ಹುಡುಗಿಯರು ನಿಂತು ನೋಡುತ್ತಿದ್ದರೋ, ಕ್ಲಾಸಿಗೆ ಹೋಗುತ್ತಿದ್ದರೋ, ಅವನು ತಲೆ ಎತ್ತಲಿಲ್ಲ. ತುಂಬಿದ ಟ್ಯೂಬಿನಿಂದ ಒಂದು ಸಣ್ಣ ರಬ್ಬರ್ ನಳಿಕೆ ಹೊರಟು ಗಾಜಿನ ತೊಟ್ಟಿಯ ತಳಕ್ಕೆ ಇಳಿದಿತ್ತು. ಅದರ ಬಾಯಿಗೆ ಕಟ್ಟಿದ ದಾರದ ಬಿಗಿಯಿಂದ ಗಾಳಿ ಸಣ್ಣಗೆ ಗುಳ್ಳೆ ಗುಳ್ಳೆಯಾಗಿ ಏಳುತ್ತಿತ್ತು. ಕರೆಂಟಿನ ಮೇಲೆ ನಂಬಿಕೆ ಇಲ್ಲ ಎಂದು ಕಿರಿಯ ಲೆಕ್ಚರರು ನಿಯಾಜ್ ಅಹಮದ್ ತಾನೇ ಹೂಡಿದ ಹೂಟ ಇದು. ನಿಯಾಜ್ ಈಗ ತಂಗಿ ಜಹೀದಾಳ ಮದುವೆಗೆಂದು ಜಗಳೂರಿಗೆ ಹೋಗಿದ್ದ. ಹೋಗುವ ಮುನ್ನ ಬೆನಕಪ್ಪನ ಎರಡೂ ಕೈ ಹಿಡಿದುಕೊಂಡು, "ಸರ್, ಬೆಳಿಗ್ಗೆ ಸಂಜೆ ಗಾಳಿ ಹೊಡೀರಿ. ನೀರು ಗೆರೆಗಿಂತ ಇಳಿದ್ರೆ ಬರೀ ಸಿಹಿನೀರು ಹಾಕ್ರಿ, ಉಪ್ಪು ಆವಿಯಾಗಿ ಹೋಗಂಗಿಲ್ಲ ಅಂತ ನಿಮಗೆ ನಾನೇನು ಹೇಳೋದೈತೆ. ನಿಮ್ಮನ್ನ ಬಿಟ್ರೆ ಇದನ್ನ ತಿಳಿದೋರು ಇಲ್ಲಿ ಯಾರೂ ಇಲ್ಲ" ಎಂದಿದ್ದ. ಹೊಗಳಿಕೆಯೆಂಬುದು ಬೆನಕಪ್ಪನ ಕೊರಳಿಗೆ ಬಿದ್ದ ಹಗ್ಗ ಎಂದು ಆ ಹುಡುಗನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದೆ ಹೇಳಿದ್ದರೆ ಅದು ಇನ್ನೂ ಕೆಟ್ಟದ್ದು ಎಂದು ಬೆನಕಪ್ಪ ಲೆಕ್ಕ ಹಾಕಿದ್ದ. ನಿಜವಾಗಿ ಒಳ್ಳೆಯವನಾದವನ ಮೇಲೆ ಸಿಟ್ಟಾಗಲು ಕಾರಣ ಹುಡುಕುವುದು ಬಹಳ ಕಷ್ಟ.

ತೊಟ್ಟಿಯಲ್ಲಿದ್ದವು ಎರಡು ಸೀಗಡಿ. ಬೆರಳುದ್ದದ ಮೈಗೆ ಕೆಂಪು ಬಿಳಿ ಪಟ್ಟೆ, ಮೈಗಿಂತ ಉದ್ದದ ಚಿಮಟದಂಥ ಕೈ, ನೀರಿನಲ್ಲಿ ಅತ್ತಿತ್ತ ಬೀಸುವ ಬಿಳಿಯ ಮೀಸೆ. ಕಲ್ಲಿನ ಸಂದಿಯಲ್ಲಿ ಒಂದಕ್ಕೊಂದು ಆತುಕೊಂಡು ನೇತಾಡುತ್ತಿದ್ದವು. ಬೆನಕಪ್ಪ ಪ್ರತಿವರ್ಷ ಇವುಗಳ ಪಾಠ ಮಾಡಿದವನೇ. ಕರಿಹಲಗೆಯ ಮೇಲೆ ಪ್ರಪಂಚದ ನಕಾಶೆ ಬರೆದು, ಕೆಂಪು ಸಮುದ್ರದಿಂದ ಹಿಡಿದು ಲಕ್ಷದ್ವೀಪ, ಮಲಯ, ಹವಾಯಿಯವರೆಗೆ ಬಣ್ಣದ ಸೀಮೆಸುಣ್ಣದಿಂದ ಪಟ್ಟಿ ಎಳೆದು, ಆಮೇಲೆ ಒಂದು ಕ್ಷಣ ತಡೆದು, ಆಚೆ ಕೆರಿಬಿಯನ್ ಸಮುದ್ರಕ್ಕೂ ಒಂದು ಗುಂಡು ಸುತ್ತುವುದು ಅವನ ವಾಡಿಕೆ. ಬೆಚ್ಚನೆಯ ನೀರು, ಹವಳದ ಬಂಡೆ, ಇವೆರಡು ಇದ್ದ ಕಡೆ ಈ ಜೀವ ಉಂಟು ಎನ್ನುವಾಗ ತಾನೇ ಆ ಬಂಡೆಗಳ ಮೇಲೆ ಈಜಿ ಬಂದವನ ಹಾಗೆ ಅವನ ದನಿ ಇಳಿಯುತ್ತಿತ್ತು. ಈಜು ಎಲ್ಲಿಂದ ಬರಬೇಕು. ಹುಡುಗನಾಗಿದ್ದಾಗ ನ್ಯಾಮತಿಯ ಭಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿದಾಗಲೂ ಅಳುತ್ತಿದ್ದವನು. ಎಂಎಸ್ಸಿಯಲ್ಲಿ ಕಾರವಾರಕ್ಕೆ ಕರೆದೊಯ್ದಾಗ ಮೊಣಕಾಲುದ್ದ ನೀರಿನಲ್ಲಿ ಪ್ಯಾಂಟು ಮಡಚಿ ನಿಂತು ಫೋಟೋ ತೆಗೆಸಿಕೊಂಡು ಬಂದದ್ದಷ್ಟೇ ಅವನ ಸಮುದ್ರ. ಅವನು ಕಂಡ ಸೀಗಡಿಗಳೆಲ್ಲ ಫಾರ್ಮಾಲಿನ್ ಸೀಸೆಯವು. ಅದರಲ್ಲಿ ಎಂಥ ಬಣ್ಣವೂ ನಿಲ್ಲುವುದಿಲ್ಲ. ಕೆಂಪಿನದೂ ಹಸಿರಿನದೂ ಕೊನೆಗೆ ಗಂಜಿಯ ಬಣ್ಣಕ್ಕೇ ಬರುತ್ತವೆ. ಅವನ್ನು ಹಿಡಿದು ತೋರಿಸಿ 'ಕೆಂಪು ಬಿಳಿ ಪಟ್ಟೆ' ಎಂದರೆ ಹುಡುಗರು ಬರೆದುಕೊಳ್ಳುತ್ತಿದ್ದರು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಹೋದ ವರ್ಷ, ಎಂಬತ್ತೊಂದರಲ್ಲಿ, ಈ ನಿಯಾಜ್ ಬಂದ. ಬಂದವನು ಸುಮ್ಮನೆ ಇರದೆ ದಸರಾ ರಜೆಯಲ್ಲಿ ಮುರುಡೇಶ್ವರಕ್ಕೆ ಹೋಗಿ, ಬೆಸ್ತರ ದೋಣಿ ಹತ್ತಿ, ಕಡಲ ನಡುವಿನ ದ್ವೀಪದ ಬಂಡೆಯಲ್ಲಿ ಮುಳುಗಿ, ಈ ಜೋಡಿಯನ್ನು ಹಿಡಿದು, ಮಣ್ಣಿನ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಘಾಟಿ ಹತ್ತುವ ಬಸ್ಸಿನಲ್ಲಿ ಕೂತು ಬಂದ. ಹಿಂದೆ ಡಬ್ಬಗಟ್ಟಲೆ ಸಮುದ್ರದ ನೀರು ಲಾರಿಯಲ್ಲಿ ಬಂತು. ಪ್ರಿನ್ಸಿಪಾಲ್ ಓಂಕಾರಪ್ಪನವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಬೆನಕಪ್ಪಾರೇ, ನಿಮ್ಮ ನಕಾಶೆಗೆ ಇನ್ಮ್ಯಾಲೆ ನಮ್ಮ ಚನ್ನಗಿರಿನೂ ಸೇರಿಸಿಬಿಡ್ರಿ" ಎಂದರು. ಎಲ್ಲರೂ ನಕ್ಕರು. ಬೆನಕಪ್ಪ ಎಲ್ಲರಿಗಿಂತ ಒಂದು ಗುಟುಕು ಹೆಚ್ಚೇ ನಕ್ಕ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳಬಹುದಿತ್ತು. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನಿರ್ಮಲ ಬಂದಳು. ಅವನ ಹೆಂಡತಿ, ಹೊನ್ನಾಳಿಯ ಕಡೆಯವಳು, ಮಡಿವಂತೆ. ಮದುವೆಯಾದ ಹೊಸದರಿಂದ ಅವನು ಲ್ಯಾಬಿನಿಂದ ಬಂದರೆ ಹಿತ್ತಿಲ ಬಾಗಿಲಿಂದ ಬಂದು, ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿಯೇ ಅಡುಗೆಮನೆ ಹೊಸ್ತಿಲು ದಾಟಬೇಕು. ಸತ್ತ ಪ್ರಾಣಿ ಮುಟ್ಟಿದ ಕೈ. ಅವಳು ಅದನ್ನು ಜಗಳವಾಡಿ ಹೇಳಿದ್ದಿಲ್ಲ. ನೀರು ಕಾಯಿಸಿಟ್ಟು, ಟವಲು ನೇತುಹಾಕಿ, ಆಚೆ ಸರಿದು ನಿಲ್ಲುತ್ತಿದ್ದಳು. ಅವನ ಕೈಯಲ್ಲಿ ಏನು ವಾಸನೆ, ಆ ಕೈ ದಿನವಿಡೀ ಏನು ಮಾಡುತ್ತದೆ ಎಂದು ಒಂದು ದಿನ ಕೇಳಿದ್ದಿಲ್ಲ. ಆ ನಿರ್ಮಲ ಪ್ರದರ್ಶನದ ದಿನ ರೇಷ್ಮೆ ಸೀರೆಯುಟ್ಟು ಬಂದು, ಗಾಜಿಗೆ ಮೂಗು ತಾಗುವಷ್ಟು ಬಾಗಿ ನಿಂತುಬಿಟ್ಟಳು. ನಿಯಾಜ್ ತೋಳು ಮಡಚಿ ನೀರಿಗೆ ಬೆರಳು ಇಳಿಸಿದ. ಒಂದು ಸೀಗಡಿ ಮೀಸೆಯಿಂದ ಬೆರಳನ್ನು ತಡವಿ, ಹತ್ತಿರ ಬಂದು, ಸಣ್ಣ ಚಿಮಟಗಳಿಂದ ಉಗುರಿನ ಸುತ್ತ ಚಕಚಕನೆ ಕೀಳತೊಡಗಿತು.

"ಅಕ್ಕಾರೇ, ನೋಡ್ರಿ, ಹವಳದ ಬಂಡ್ಯಾಗೆ ಇವ್ರದ್ದೇ ಕ್ಷೌರದಂಗಡಿ. ದೊಡ್ಡ ದೊಡ್ಡ ಮೀನು ಬಂದು ಬಾಯಿ ತಗದು ನಿಂತ್ಕತಾವೆ. ಇವು ಹಲ್ಲಿನ ಸಂದಿಯಾಗೆ ಇದ್ದಿದ್ದು ಕಿತ್ತು ತಿಂತಾವೆ. ಮೀನು ಇವನ್ನ ನುಂಗಂಗಿಲ್ಲ."

"ಅಯ್ಯೋ ನಮ್ಮವ್ವ! ನುಂಗಾಕೆ ಆಗಲ್ವ ಅದಕ್ಕೆ?"

"ಆಗ್ತೈತೆ. ನುಂಗಂಗಿಲ್ಲ ಅಷ್ಟೆ. ಇನ್ನೊಂದು ಹೇಳ್ತೀನಿ, ಇವು ಗಂಡ ಹೆಂಡ್ತಿ. ಒಮ್ಮೆ ಜೋಡಿಯಾದ್ರೆ ಒಂದೇ ಸಂದಿಯಾಗೆ ಬಾಳ್ವೆ. ಮಧ್ಯ ಇನ್ನೊಂದು ಗಂಡು ಬಂತೋ, ಕಾಲು ಕಿತ್ತು ಕೊಂದು ಹಾಕ್ತೈತೆ."

ನಿರ್ಮಲ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ, ಯಾರೂ ಹೇಳದೆ, ಬಳೆ ಮೇಲೆ ಸರಿಸಿ ತನ್ನ ಬೆರಳನ್ನೂ ನೀರಿಗೆ ಇಳಿಸಿದಳು. ಬೆನಕಪ್ಪ ಆಚೆ ಬದಿಯಲ್ಲಿ, ತನ್ನ ಸೀಸೆಗಳ ಸಾಲಿನ ಹಿಂದೆ ನಿಂತಿದ್ದ. ಅವನ ಸೀಸೆಗಳ ಮುಂದೆ ಆ ಹೊತ್ತಿಗೆ ಯಾರೂ ಇರಲಿಲ್ಲ. ಅವನಿಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಒಳ್ಳೆಯ ಹೆಸರು ಕೊಡಲು ಅವನು ರಾತ್ರಿಯೆಲ್ಲ ಒದ್ದಾಡಿದ: ಹಿರಿಯನಾದವನ ಬೇಸರ, ವಿಜ್ಞಾನವನ್ನು ದೊಂಬರಾಟ ಮಾಡಿದ್ದಕ್ಕೆ ಸಿಟ್ಟು, ಎಳೆಯ ಹುಡುಗನ ಮೇಲೆ ಕನಿಕರ. ಯಾವುದೂ ಒಗ್ಗಲಿಲ್ಲ. ಹೊಟ್ಟೆಕಿಚ್ಚೇ ಅದು. ನಿಯಾಜನ ಮೇಲೆ ಅನುಮಾನವೇನೂ ಇರಲಿಲ್ಲ, ಅವಳ ಮೇಲೂ ಇಲ್ಲ. ಅಂಥದ್ದೇನಾದರೂ ಇದ್ದಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಬಹುದಿತ್ತು. ಅವಳು ಕೇಳಿದ ಪ್ರಶ್ನೆಯ ಮೇಲೆ ಅವನಿಗೆ ಹೊಟ್ಟೆಕಿಚ್ಚು. ನುಂಗಾಕೆ ಆಗಲ್ವ ಅದಕ್ಕೆ? ಈ ಪ್ರಶ್ನೆ ತನಗೆ ಬರಬೇಕಿತ್ತು. ಇದಕ್ಕೆ ಉತ್ತರ ತನ್ನ ಹತ್ತಿರ ಎಷ್ಟೋ ವರ್ಷದಿಂದ ಕೊಳೆಯುತ್ತ ಬಿದ್ದಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನೂ ಮೇಷ್ಟರ ಜಾತಿಯವನೇ ಇರಬೇಕು.

ನಿಯಾಜ್ ಊರಿಗೆ ಹೋದ ಮೇಲೂ ಅವಳ ಬಾಯಲ್ಲಿ ಅದೇ. ರೊಟ್ಟಿ ತಟ್ಟುತ್ತ, "ಆ ಹೆಣ್ಣಿನ ಹೊಟ್ಯಾಗೆ ಹಸುರು ಕಾಣ್ತೈತೆ ಅಂದಿದ್ರು. ಮೊಟ್ಟೆ ಇಡೋ ಹಂಗೆ ಐತಂತೆ. ಇಟ್ಟಾವೇನ್ರಿ?" ಎಂದಳು.

"ನೋಡಿಲ್ಲ."

"ದಿನಾ ಹೋಗ್ತೀರಿ, ನೋಡಿಲ್ಲ ಅಂತೀರಿ. ಅವು ಜೋಡಿ ಬಿಟ್ಟು ಇರಲ್ಲಂತೆ ಕಣ್ರಿ."

"ಅದೆಲ್ಲ ನಾನೇ ನಿಂಗೆ ಹೇಳಿಲ್ವೇನು?"

"ಯಾವಾಗ?" ಎಂದಳು ನಿರ್ಮಲ. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಬೆನಕಪ್ಪನೂ ನೆನಪು ಮಾಡಿಕೊಂಡ. ಮದುವೆಯ ವರ್ಷ ಹೊನ್ನಾಳಿಯಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಇತ್ತ ಅವನು. ತುಂಗಭದ್ರೆಯ ಸೇತುವೆ ದಾಟುವಾಗ ನೀರು ಕಂಡು ಉತ್ಸಾಹ ಬಂದು, ಸಮುದ್ರದಲ್ಲಿ ಒಂದು ಸೀಗಡಿ ಇರುತ್ತದೆ ಎಂದು ಶುರುಮಾಡಿದ್ದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಲ್ಲಿಗೆ ನಿಲ್ಲಿಸಿದವನು ಮತ್ತೆ ಎತ್ತಿರಲಿಲ್ಲ. ಈಗ ಯೋಚಿಸಿದರೆ, ಬಸ್ಸಿನ ಡೀಸೆಲ್ ವಾಸನೆಗೆ ಮುಚ್ಚಿಕೊಂಡಿರಲೂಬಹುದು. ಕೇಳಿರಲಿಲ್ಲ. ಕೇಳದೆಯೇ ಇಷ್ಟು ವರ್ಷ ಅವಳ ಮೇಲೆ ಒಂದು ಮುನಿಸನ್ನು ಸಾಕಿಕೊಂಡು ಬಂದಿದ್ದ. ಈ ವಿಚಾರದಿಂದ ಮುನಿಸು ಇಳಿಯಬೇಕಿತ್ತು, ಏರಿತು.

ಆ ಸಂಜೆ ಲ್ಯಾಬಿನ ಬೀಗ ತೆಗೆದಾಗ ಟ್ಯೂಬು ಸೊರಗಿ ಮಲಗಿತ್ತು. ಗುಳ್ಳೆಗಳು ಒಂದು, ತಡೆದು ಇನ್ನೊಂದು, ಹೀಗೆ ಬರುತ್ತಿದ್ದವು. ಬೆನಕಪ್ಪ ಪಂಪನ್ನು ಕೈಗೆತ್ತಿಕೊಂಡ. ಅವು ಎರಡೂ ಸಂದಿಯೊಳಗಿದ್ದವು. ಹೆಣ್ಣು ಮಂಕಾಗಿ, ತಿನ್ನಲು ಕೊಟ್ಟ ಮೀನಿನ ಚೂರನ್ನು ಮುಟ್ಟದೆ ನಿಂತಿತ್ತು. ಗಂಡು ಅದರ ಮುಂದೆ ಕೈ ಅಗಲಿಸಿಕೊಂಡು ಬಾಗಿಲು ಕಾಯುತ್ತಿತ್ತು. ಅವನು ಅದನ್ನು ನೋಡುತ್ತ ನಿಂತ. ಆಮೇಲೆ ಪಂಪನ್ನು ಗೋಡೆಗೆ ಒರಗಿಸಿ, ಬೀಗ ಹಾಕಿ, ನಲ್ಲೂರಿನ ರಸ್ತೆ ಹಿಡಿದು ಸುಮ್ಮನೆ ನಡೆದ. ಮರೆತೆ ಎಂದು ಹೇಳಬಹುದು. ಹಾಗೆ ಹೇಳಬಹುದು ಎಂಬುದನ್ನೂ ಯೋಚಿಸಿಯೇ ನಡೆದಿದ್ದ. ಹೋಟೆಲಿನಲ್ಲಿ ಕೂತು ಚಹ ಕುಡಿಯುವಾಗ ಒಂದೆರಡು ಸಲ ಎದ್ದು ಹೋಗೋಣ ಅನ್ನಿಸಿತು. ಕೊಲ್ಲುವುದೇನು ಬಂತು, ಒಂದು ಹೊತ್ತು ಗಾಳಿ ಇಲ್ಲದಿದ್ದರೆ ಏನಾಗುತ್ತದೆ, ಸಮುದ್ರದಲ್ಲಿ ಯಾರು ಪಂಪು ಹೊಡೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಎದ್ದು ಹೋಗಲಿಲ್ಲ.

ಬೆಳಿಗ್ಗೆ ತಳದ ಮರಳಿನ ಮೇಲೆ ಒಂದು ಸತ್ತುಬಿದ್ದಿತ್ತು. ಪಕ್ಕಕ್ಕೆ ವಾಲಿ, ಪಟ್ಟೆ ಮಸಕಾಗಿ, ಕೈಗಳನ್ನು ಮುಂದಕ್ಕೆ ಚಾಚಿ, ಮೀಸೆ ಮರಳಿನ ಮೇಲೆ ಹರಡಿ. ಸಂದಿಯ ಕತ್ತಲೆಯಿಂದ ಒಂದು ಜೊತೆ ಬಿಳಿ ಮೀಸೆ ಮಾತ್ರ ಆಚೆ ಚಾಚಿತ್ತು, ಉಳಿದದ್ದರದು. ಬೆನಕಪ್ಪನಿಗೆ ಮೊದಲು ಆದದ್ದು ಭಯವಲ್ಲ. ಎದೆಯೊಳಗೆ ತಂಪಾಯಿತು. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಮೂಗು ಬಿಟ್ಟ ಹಾಗೆ ಉಸಿರು ಸರಾಗವಾಯಿತು. ಭಯ ಆಮೇಲೆ ಬಂತು, ಅದರ ಹಿಂದೆ ನಾಚಿಕೆ. ಎರಡಕ್ಕೂ ಮೊದಲು ಬಂದದ್ದು ಯಾವುದು ಎಂಬುದನ್ನು ಅವನು ನೋಡಿಕೊಂಡಾಗಿತ್ತು. ಮೊದಲು ಟ್ಯೂಬಿಗೆ ಭರ್ತಿ ಗಾಳಿ ಹೊಡೆದ. ಚಿಮಟದಲ್ಲಿ ಅದನ್ನು ಎತ್ತಿದ. ಹಗುರವಾಗಿತ್ತು. ಸತ್ತದ್ದು ಹಗುರಾಗಿಯೇ ಇರುತ್ತದೆ ಅಂದುಕೊಂಡು, ಒಳ್ಳೆಯ ಸೀಸೆಯೊಂದನ್ನು ತೊಳೆದು, ಫಾರ್ಮಾಲಿನ್ ಹೊಯ್ದು ಇಳಿಸಿದ. ಚೀಟಿ ಅಂಟಿಸಿ ತನ್ನ ದುಂಡು ಅಕ್ಷರದಲ್ಲಿ ಸೀಗಡಿಯ ಹೆಸರು, ಹವಳದ ಬಂಡೆ, ಅರಬ್ಬೀ ಸಮುದ್ರ ಎಂದೆಲ್ಲ ಬರೆದು, ಕೆಳಗೆ 'ಸಂಗ್ರಹ: ಬೆನಕಪ್ಪ' ಎಂದು ಸೇರಿಸಿದ. ತನ್ನ ಸಾಲಿನಲ್ಲಿ ಅದನ್ನು ನಡುಮಧ್ಯಕ್ಕೆ ಇಟ್ಟ. ಈಗ ಅದು ತನ್ನದಾಯಿತು, ತನ್ನ ಕೈಗೆ ಬರುವ ರೀತಿಯಲ್ಲೇ ಬಂತು.

ಸ್ಟಾಫ್ ರೂಮಿನಲ್ಲಿ ಓಂಕಾರಪ್ಪನವರಿಗೆ ತಾನೇ ಮೊದಲು ಹೇಳಿದ. "ಸೆಕೆ ನೋಡ್ರಿ ಸಾರ್. ಎಷ್ಟು ಜೋಪಾನ ಮಾಡಿದ್ರೂ ಸಮುದ್ರದ ಜೀವ ಇದು. ಪಾಪ, ನಿಯಾಜ್ ಎಷ್ಟು ನೊಂದ್ಕತಾರೋ." ಬಾಯಿ ಹೇಳುತ್ತಿದ್ದಾಗಲೇ ಕಣ್ಣು ಒದ್ದೆಯಾದದ್ದು ಅವನಿಗೇ ಆಶ್ಚರ್ಯವಾಯಿತು. ಮಧ್ಯಾಹ್ನದ ಕ್ಲಾಸಿನಲ್ಲಿ ತಾನು ಎಂದೂ ಮಾಡದಷ್ಟು ಚೆನ್ನಾಗಿ ಪಾಠ ಮಾಡಿದ. ಸಂತೆಬೀದಿಯ ಬಟ್ಟೆ ಅಂಗಡಿ ಮುರುಗೇಶಪ್ಪನವರ ತನಕ ಸುದ್ದಿ ಹೋಯಿತು. ಸಂಜೆ ಮನೆಗೆ ಬಂದವನು ಊಟಕ್ಕೆ ಕೂತು ನಿರ್ಮಲಳಿಗೆ ಹೇಳಿದ. ಅವಳ ಕೈಯಲ್ಲಿದ್ದ ಸೌಟು ನಿಂತಿತು.

"ಅಯ್ಯೋ ಶಿವನೇ. ಯಾವುದು, ಹೆಣ್ಣೋ?"

"ಹೆಣ್ಣೇ."

"ಇನ್ನೊಂದು ಹೆಂಗೆ ಇರ್ತೈತ್ರೀ ಒಂದೇ?"

ಅವನು ಹೇಳತೊಡಗಿದ. ಒಂಟಿಯಾದದ್ದು ಸಂದಿ ಬಿಟ್ಟು ಬಂಡೆಯ ಮೇಲೆಲ್ಲ ಅಲೆಯುತ್ತದೆ ಎಂದ. ಸತ್ತ ಜೊತೆಗಾತಿಯ ಜಾಗಕ್ಕೆ ಇನ್ನೊಂದು ಬರುವುದುಂಟು, ಬಾರದಿರುವುದೂ ಉಂಟು ಎಂದ. ಕೆಂಪು ಸಮುದ್ರದಿಂದ ಹವಾಯಿಯವರೆಗೆ ಇವು ಹರಡಿದ್ದು ಹೇಗೆ, ಮೊಟ್ಟೆಯೊಡೆದ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ತಿಂಗಳುಗಟ್ಟಲೆ ನೀರಿನ ಸೆಳವಿನಲ್ಲಿ ತೇಲಿ, ತಾಯಿ ಕಂಡರಿಯದ ಯಾವುದೋ ಬಂಡೆಗೆ ಹೋಗಿ ಹತ್ತುವುದು, ಎಲ್ಲ ಹೇಳಿದ. ನಿರ್ಮಲ ಎದುರಿಗೆ ಗಲ್ಲಕ್ಕೆ ಕೈಕೊಟ್ಟು ಕೂತು ಅವನ ಮುಖವನ್ನೇ ನೋಡುತ್ತ ಕೇಳಿದಳು. ಅವನು ಅವರೆಕಾಳಿನ ಸಾರನ್ನು ಮೂರು ಸಲ ಹಾಕಿಸಿಕೊಂಡ. ಕೈ ತೊಳೆಯುವಾಗ ಯಾವುದೋ ವಚನದ ಧಾಟಿ ಗುನುಗುತ್ತಿದ್ದ. ಇಷ್ಟು ಸಲೀಸಾಗಿ ಮಾತು ಬರುವ ಬಾಯಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಮರುದಿನವೂ ಅದರ ಮರುದಿನವೂ ಲ್ಯಾಬಿನಲ್ಲಿ ಕಿಟಕಿಯ ಪರದೆ ಎಳೆದು, ಗಾಳಿ ಹೊಡೆದು, ಸಂದಿಯ ಮುಂದೆ ಮೀನಿನ ಚೂರು ಹಾಕಿ ಬಂದ. ಒಳಗೆ ಬಗ್ಗಿ ನೋಡಲು ಮನಸ್ಸಾಗಲಿಲ್ಲ.

ನಿಯಾಜ್ ಮದುವೆಯ ಸಿಹಿಯ ಡಬ್ಬ ಹಿಡಿದು ಬಸ್ಸಿಳಿದವನು ನೆಟ್ಟಗೆ ಬೆನಕಪ್ಪನ ಮನೆಗೇ ಬಂದ. ದಾರಿಯಲ್ಲೇ ಯಾರೋ ಸುದ್ದಿ ಹೇಳಿದ್ದರು. "ಇರ್ಲಿ ಬಿಡ್ರಿ ಸರ್, ನಾನಿದ್ದಿದ್ರೂ ಅಷ್ಟೇ ಆಗೋದು" ಎಂದು ಬೆನಕಪ್ಪನನ್ನೇ ಸಮಾಧಾನಮಾಡಿದ. ಉಳಿದ ಒಂದನ್ನು ನೋಡುತ್ತೇನೆಂದು ನಿರ್ಮಲ ಸೆರಗು ಹೊದ್ದು ಜೊತೆಗೆ ಹೊರಟಳು. ಬೆನಕಪ್ಪ ಚಪ್ಪಲಿ ಮೆಟ್ಟಿ ಅವರ ಹಿಂದೆ ನಡೆದ.

ನಿಯಾಜ್ ಪರದೆ ಸರಿಸಿ, ತೊಟ್ಟಿಯ ಮುಂದೆ ಮೊಣಕಾಲೂರಿ ಕೂತು, ಒಂದು ಚೂರು ಮೀನನ್ನು ಸಂದಿಯ ಬಾಯಿಗೆ ಹಿಡಿದ. ಬಿಳಿ ಮೀಸೆ ಆಡಿತು. ಗಂಡು ಹೊರಗೆ ಬಂತು. ಚೂರನ್ನು ಕಸಿದುಕೊಂಡು ಒಳಕ್ಕೆ ತಿರುಗಿತು. ಅದರ ಹಿಂದಿನಿಂದ, ನಿಧಾನವಾಗಿ, ಹೊಸದಾಗಿ ಬಣ್ಣ ಬಳಿದ ಹಾಗೆ ಕೆಂಪು ಕೆಂಪಾಗಿ ಇನ್ನೊಂದು ಹೊರಬಂದು ಅದರ ಕೈಯಿಂದ ಚೂರನ್ನು ಇಸಿದುಕೊಂಡಿತು. ಹೊಟ್ಟೆಯಡಿ ನೀಲಿ ಹಸಿರಿನ ಮೊಟ್ಟೆಯ ಗೊಂಚಲಿತ್ತು.

"ಎರಡೂ ಅದಾವಲ್ರೀ!" ಎಂದಳು ನಿರ್ಮಲ.

ಬೆನಕಪ್ಪನಿಗೆ ಆ ಕ್ಷಣಕ್ಕೇ ತಿಳಿಯಿತು. ಪೊರೆ. ಸೀಗಡಿ ಬೆಳೆಯುವಾಗ ಹಾವು ಬಿಟ್ಟಂತೆ ಮೈಯ ಚಿಪ್ಪನ್ನು ಪೂರ್ತಿ ಬಿಟ್ಟುಬಿಡುತ್ತದೆ. ಮೀಸೆಯ ತುದಿ, ಕಣ್ಣಿನ ಮೇಲಿನ ತೊಗಟೆ ಸಹಿತ. ಬಿಟ್ಟ ಪೊರೆ ಸತ್ತ ಸೀಗಡಿಯ ಹಾಗೇ ಇರುತ್ತದೆ, ಒಳಗೆ ಟೊಳ್ಳು. ಪೊರೆ ಬಿಟ್ಟ ಹೆಣ್ಣು ಮೈ ಗಟ್ಟಿಯಾಗುವವರೆಗೆ ಅಡಗಿರುತ್ತದೆ, ಗಂಡು ಕೂಡುವುದೂ ಆಗಲೇ. ಪ್ರತಿವರ್ಷ ಚಿತ್ರ ಬರೆಸಿ, ಭಾಗ ಗುರುತಿಸಿ ಎಂದು ಪರೀಕ್ಷೆಗೂ ಕೊಡುತ್ತಿದ್ದ. ಎತ್ತಿದಾಗ ಹಗುರವಿತ್ತು, ಅದು ಕೈಗೆ ತಿಳಿದಿತ್ತು. ಜೀವ ಹೋಗಬೇಕೆಂದು ಕಾದು ಕೂತವನಿಗೆ ತೊಗಟೆಯೂ ಹೆಣವಾಗಿ ಕಂಡಿತ್ತು.

ನಿಯಾಜನ ಕಣ್ಣು ಸೀಸೆಗಳ ಸಾಲಿಗೆ ಹೋಯಿತು. ನಡುಮಧ್ಯದ ಸೀಸೆಯ ಮೇಲೆ ನಿಂತಿತು. ಚೀಟಿ ಓದಿದ, ಅವನ ಹಿಂದೆ ನಿಂತ ನಿರ್ಮಲಳೂ ಓದಿದಳು. ಬೆನಕಪ್ಪ ಅವನು ನಗಲಿ ಎಂದು ಕಾದ. ನಕ್ಕರೆ ಸಿಟ್ಟಾಗಬಹುದಿತ್ತು, ಬೈಯಬಹುದಿತ್ತು, ಹಿರಿಯನಾಗಬಹುದಿತ್ತು. ನಿಯಾಜ್ ನಿರ್ಮಲಳ ಕಡೆ ತಿರುಗಿ, "ಅಕ್ಕಾರೇ, ಸತ್ತೈತೆ ಅಂತ ಯಾರೋ ತಪ್ಪು ಸುದ್ದಿ ಹಬ್ಬಿಸ್ಯಾರೆ. ಸರ್ ಪೊರೆ ತಗದು ಇಟ್ಟಾರೆ ನೋಡ್ರಿ ಹುಡುಗ್ರಿಗೆ ತೋರ್ಸಾಕೆ. ಹಿಂಗೆ ಮೀಸೆ ಮುರೀದಂಗೆ ಇಡಿಯಾಗಿ ಎತ್ತೋದು ಕಷ್ಟ" ಎಂದ. ಆಮೇಲೆ ಟ್ಯೂಬನ್ನು ಅದುಮಿ ನೋಡಿ, "ಗಾಳಿ ನೀವು ಸರಿಯಾಗಿ ನೋಡ್ಕಂಡಿದ್ದಕ್ಕೇ ಉಳಿದಾವೆ ಸರ್. ಪೊರೆ ಬಿಡೋ ಹೊತ್ನಾಗೆ ಗಾಳಿ ಕಮ್ಮಿಯಾದ್ರೆ ಸಾಯ್ತಾವೆ" ಎಂದ. ಹೇಳಿದವನ ಮುಖದಲ್ಲಿ ಕಪಟದ ಒಂದು ಗೆರೆ ಇರಲಿಲ್ಲ. ಬೆನಕಪ್ಪ ಹುಡುಕಿದ.

ಗಂಡ ಹೆಂಡತಿ ಮನೆಗೆ ನಡೆದರು. ಸಂತೆಬೀದಿಯ ತಿರುವಿನವರೆಗೆ ನಿರ್ಮಲ ಒಂದು ಹೆಜ್ಜೆ ಮುಂದೆಯೇ ನಡೆದಳು. ಅವಳು ಕೇಳಬಹುದಾದ್ದಕ್ಕೆಲ್ಲ ಬೆನಕಪ್ಪ ಉತ್ತರ ಹೊಂದಿಸಿಕೊಳ್ಳುತ್ತಿದ್ದ: ಬೆಳಕು ಕಡಿಮೆಯಿತ್ತು, ಅವಸರವಿತ್ತು, ದೊಡ್ಡ ದೊಡ್ಡವರೂ ಮೋಸಹೋಗುತ್ತಾರೆ.

"ಅದು ಸತ್ತೈತೆ ಅಂದ ದಿನ," ಎಂದಳು ಅವಳು, "ನೀವು ಎಷ್ಟು ಖುಷಿಯಾಗಿದ್ರಿ."

"ಯಾರು, ನಾನೇ?"

"ಪ್ರಮೋಷನ್ ಗಿಮೋಷನ್ ಆಗೈತೇನೋ, ಆಮ್ಯಾಲೆ ಹೇಳ್ತಾರೆ ಅಂದ್ಕಂಡು ಕೂತಿದ್ದೆ. ಹೇಳ್ಲಿಲ್ಲ. ಸೀಗಡಿ ವಿಚಾರ ನಂಗೇನು ತಿಳೀತೈತ್ರೀ. ನನ್ನ ಗಂಡ ಹಿಂಗೂ ಮಾತಾಡ್ತಾರಲ್ಲ ಅಂತ ಕೇಳ್ತಾ ಕೂತ್ಕಂಡೆ. ರಾತ್ರಿ ನಿದ್ದಿ ಬರ್ಲಿಲ್ಲ ನಂಗೆ ಸಂತೋಷಕ್ಕೆ." ಸ್ವಲ್ಪ ದೂರ ನಡೆದು, "ಯಾತರ ಖುಷಿ ಅಂತ ಇವತ್ತು ಗೊತ್ತಾತು" ಎಂದಳು.

ಹಾಗಲ್ಲ ನಿರ್ಮಲಾ, ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಗದ್ದುಗೆಯಿಂದ ಮುರುಗೇಶಪ್ಪನವರು ಕೂಗಿದರು. "ಮೇಷ್ಟ್ರೇ, ಒಂದು ಹೋತಂತಲ್ರೀ, ಪಾಪ! ಜೋಡಿ ಅಗಲಿಸಿದಂಗಾತು ಬಿಡ್ರಿ. ಹುಡುಗ ಬಂದ್ನೇನು? ಬಾಳ ನೊಂದ್ಕಂಡಿರಬೇಕು."

ಬೆನಕಪ್ಪ ನಿಂತ. ನಿರ್ಮಲಳೂ ನಿಂತಳು. ಇಲ್ಲ, ಎರಡೂ ಬದುಕಿವೆ, ನಂದೇ ತಪ್ಪು ಎಂದರೆ ಮುಗಿಯಿತು, ನಾಲ್ಕು ಮಾತು. ಮುರುಗೇಶಪ್ಪನವರು ನಗುತ್ತಾರೆ, ಊರು ನಗುತ್ತದೆ, ನಾಳೆ ಓಂಕಾರಪ್ಪನವರು ಸ್ಟಾಫ್ ರೂಮಿನಲ್ಲಿ ಒಂದು ಹೊಸ ಮಾತು ಕಟ್ಟುತ್ತಾರೆ. ಅವಳು ಕಾಯುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು.

"ಹೂಂ ರೀ," ಎಂದ ಬೆನಕಪ್ಪ, "ಹೋತು." ದನಿ ಎಷ್ಟು ಇಳಿಯಬೇಕೋ ಅಷ್ಟೇ ಇಳಿದಿತ್ತು.

ಮುರುಗೇಶಪ್ಪನವರು ಚ್ಚು ಚ್ಚು ಎಂದರು. ನಿರ್ಮಲ ಅವನ ಮುಖವನ್ನೇ ನೋಡುತ್ತಿದ್ದಳು, ಮದುವೆಯಾದ ದಿನದಿಂದ ಅವಳು ಹಾಗೆ ನೋಡಲೆಂದು ಅವನು ಎಷ್ಟು ಬಯಸಿದ್ದನೋ ಅಷ್ಟು ಗಮನವಿಟ್ಟು.